ಅವನಿಗೆಂದೇ ಇಟ್ಟಿದ್ದ ತಪ್ಪಲೆ

ತಪ್ಪು ನನ್ನದೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ತಡ ಮಾಡಿದರೆ ನಾಲ್ಕು ಜನರ ದನಿ ತೆಗೆದು, ಅವರಂತೆಯೇ ಮಾತಾಡಿ ನಗಿಸಿ, ತಪ್ಪನ್ನು ಅವರ ಮೇಲೆ ಜಾರಿಸಿಬಿಡುವ ಜಾಣ ನಾನು. ಮಾಂಸ ಮುಟ್ಟದ ಮನೆಯಲ್ಲಿ ಹುಟ್ಟಿದ ಗೆಳೆಯನಿಗೆ, ಹುರುಳಿ ಸಾರಿನಲ್ಲಿ ಕುರಿಯ ಕಾಲಿನ ಸೂಪು ಬೆರೆಸಿ ಕುಡಿಸಿದವನು ನಾನೇ.

ಇಬ್ಬರೂ ಯಸಳೂರಿನವರು, ಒಂದೇ ಬೆಂಚಿನಲ್ಲಿ ಓದಿದವರು. ಅವನದು ಲಿಂಗ ಕಟ್ಟುವ ಮನೆ. ನಮ್ಮದು ಭಾನುವಾರ ಬಂದರೆ ಕೋಳಿ ಕೂಗುವುದನ್ನೇ ನಿಲ್ಲಿಸುವ ಮನೆ. ಅವನು ನಮ್ಮಲ್ಲಿ ಉಣ್ಣಲೆಂದು ಅವ್ವ ಒಂದು ಸ್ಟೀಲ್ ತಪ್ಪಲೆ, ಒಂದು ಸೌಟು ಬೇರೆ ಇಟ್ಟಿದ್ದಳು. ಅಡಿಗೆಮನೆಯಲ್ಲಿ ಅದಕ್ಕೆ ಬೇರೆಯದೇ ಮೊಳೆ. ನನಗೆ ಜ್ವರ ಬಂದು ಗಂಜಿ ಕಾಯಿಸುವಾಗಲೂ ಅದನ್ನು ಇಳಿಸುತ್ತಿರಲಿಲ್ಲ. ಆ ತಪ್ಪಲೆಯ ಭರವಸೆಯ ಮೇಲೆಯೇ ಅವನ ತಾಯಿ ಅವನನ್ನು ನಮ್ಮ ಮನೆಗೆ ಊಟಕ್ಕೆ ಬಿಡುತ್ತಿದ್ದದ್ದು.

ಅವನು ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಅರ್ಜಿ ಹಾಕಿದ. ಓಡಬೇಕು, ಕಬ್ಬಿಣದ ಗುಂಡು ಎಸೆಯಬೇಕು. ಬಸ್ಸು ಹತ್ತಿ ಸಕಲೇಶಪುರದ ಜಿಮ್ಮಿಗೆ ಹೋಗತೊಡಗಿದೆವು. ಅಲ್ಲಿಯ ಕೋಚು ಪ್ರೋಟೀನ್ ಎಂದರೆ ಕೋಳಿ ಎಂದು ನಂಬಿದವನು. ಅವನ ಗಡಸು ದನಿ ಎರಡೇ ದಿನಕ್ಕೆ ನನ್ನ ಗಂಟಲಿಗೆ ಬಂತು. ಬಸ್ಸಿನಲ್ಲಿ ಗೆಳೆಯನ ರಟ್ಟೆ ಹಿಡಿದು, ಇದೇನು ತೋಳಾ ಮೆಣಸಿನ ಬಳ್ಳಿಯಾ ಎಂದು ಆ ದನಿಯಲ್ಲಿ ಕೇಳಿದರೆ ಹಿಂದಿನ ಸೀಟಿನವರೂ ನಗುತ್ತಿದ್ದರು. ನಮ್ಮ ಕಾಡಾನೆ ಯಾವ ಅಂಗಡಿಯ ಮಟನ್ ತಿಂದು ಬೆಳೆಯಿತು ಮಾರಾಯ ಎಂದು ಅವನೂ ಬಿಡುತ್ತಿರಲಿಲ್ಲ. ಮೊಳಕೆ ಹುರುಳಿ, ಕಡಲೆ, ಮೊಸರು ತಿಂದೇ ಅವನ ಗುಂಡು ವಾರವಾರವೂ ಒಂದು ಗೇಣು ಮುಂದೆ ಬೀಳುತ್ತಿತ್ತು. ಕೋಳಿ ತಿಂದ ನನಗೆ ಬೆಳೆದದ್ದು ಹೊಟ್ಟೆ.

ಪರೀಕ್ಷೆ ಹತ್ತಿರ ಬಂದಾಗ ಅವನು ಸೊರಗಿದ. ಒಮ್ಮೆ ಓಡುತ್ತಾ ನಡುದಾರಿಯಲ್ಲೇ ಕೂತುಬಿಟ್ಟ. ನನಗೆ ಹೆದರಿಕೆಯಾಯಿತು. ಹೆದರಿಕೆಯಷ್ಟೇ ಎಂದರೆ ಸುಳ್ಳು, ವಾದ ಗೆಲ್ಲುವ ಆಸೆಯೂ ಇತ್ತು. ಸೂಪಾದರೂ ಕುಡಿ ಎಂದೆ. ಬ್ಯಾಡ ಅಂದ. ಮೂರು ಸಲ ಕೇಳಿದೆ, ಮೂರು ಸಲವೂ ಬ್ಯಾಡ ಅಂದ.

ಆ ಭಾನುವಾರ ಅವ್ವ ಅವನ ತಪ್ಪಲೆಯಲ್ಲಿ ಹುರುಳಿ ಸಾರು ಮಾಡಿಟ್ಟು ತೋಟಕ್ಕೆ ಹೋಗಿದ್ದಳು. ಕಪ್ಪನೆಯ ಸಾರು, ಮೆಣಸು ಬೆಳ್ಳುಳ್ಳಿಯ ಘಾಟು. ಪಕ್ಕದ ಒಲೆಯ ಸೂಪು ಎರಡು ಸೌಟು ಅದರೊಳಗೆ ಅಡಗಿಹೋಯಿತು. ಅವನು ಎರಡು ಲೋಟ ಕುಡಿದು, ಇವತ್ತು ಅವ್ವನ ಕೈರುಚಿ ಬೇರೇನೇ ಐತೆ ಎಂದು ಹೊಗಳಿದ. ನಾನು ಒಳಗೊಳಗೇ ಗೆದ್ದೆ.

ಸಂಜೆ ತೊಳೆಯುವಾಗ ತಪ್ಪಲೆಯ ಅಂಚಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬು ಅವ್ವನ ಬೆರಳಿಗೆ ಸಿಕ್ಕಿತು. ಕೇಳಿದಳು, ಹೇಳಿದೆ. ಬೈಯಲಿಲ್ಲ. ಬೂದಿ ಹಾಕಿ ಉಜ್ಜಿದಳು, ತೊಳೆದಳು, ಮತ್ತೆ ಉಜ್ಜಿದಳು. ಆ ತಪ್ಪಲೆ ಈಗಲೂ ಅದೇ ಮೊಳೆಯಲ್ಲಿದೆ. ಅದರಲ್ಲಿ ಆಮೇಲೆ ಏನೂ ಬೆಂದಿಲ್ಲ. ಅವನು ಗಾರ್ಡ್ ಆಗಿ ಎಡಕುಮೇರಿಯ ಕಡೆ ಕಾಡಿನಲ್ಲಿದ್ದಾನಂತೆ. ಅದನ್ನೂ ನನಗೆ ಹೇಳಿದ್ದು ಬಸ್ಸಿನ ಕಂಡಕ್ಟರು.

ಸೂಪು ಕುಡಿದ ಮರುದಿನ ಅವನು ಎಂದಿನಂತೆ ಬಂದು, ಸಾರು ಐತಾ ಅವ್ವ ಎಂದು ಕೇಳಿದ. ಅವ್ವ ಹೊಸ್ತಿಲಲ್ಲೇ ನಿಲ್ಲಿಸಿ ಎಲ್ಲ ಹೇಳಿದಳು. "ನಾನ್ ನೋಡ್ಕಳ್ಳಿಲ್ಲ ಮಗ, ತಪ್ಪಾಗೋಯ್ತು," ಎಂದು ತಾನು ಮಾಡದ್ದಕ್ಕೆ ತಾನೇ ಕೈಮುಗಿದಳು. ಅವನು ಆ ಕೈ ಹಿಡಿದು ಇಳಿಸಿ, ನಿಮ್ದೇನೂ ಇಲ್ಲ ಬುಡಿ ಅಂದ. ಅವನ ಇನ್ನೊಂದು ಕೈ ಅಂಗಿಯೊಳಗಿನ ಲಿಂಗದ ಮೇಲಿತ್ತು.

ಗಾಬರಿಯಾದರೆ ನನ್ನ ಬಾಯಲ್ಲಿ ಬೇರೆಯವರ ದನಿ ಬರುತ್ತದೆ. ಕೋಚಿನ ದನಿಯಲ್ಲಿ, ಏನಪ್ಪಾ ಮಸಲ್ ಬಂತಾ ಎಂದುಬಿಟ್ಟೆ. ಯಾರೂ ನಗಲಿಲ್ಲ. ಆಮೇಲೆ ನನ್ನದೇ ದನಿ ಹುಡುಕಿಕೊಂಡು, ನಿನ್ನ ಒಳ್ಳೇದಕ್ಕೇ ಮಾಡಿದೆ ಕಣೋ ಎಂದೆ.

ಅವನು ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿ, ತಿರುಗಿ ನೋಡಿದ.

"ಊರೋರ್ದೆಲ್ಲಾ ದನಿ ತೆಗೀತೀಯ ಕಣೋ. ನಾನ್ ಮೂರ್ ಸಲ ಬ್ಯಾಡ ಅಂದಿದ್ದು ಮಾತ್ರ ನಿಂಗೆ ಕೇಳ್ಸಲೇ ಇಲ್ಲ."