ಸಿಗಡಿಯ ಮುಳ್ಳು ಚುಚ್ಚುವ ಜಾಗ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಠಾಣೆ–ಬೇಲಾಪುರ ರಸ್ತೆಯ ಒಂದು ಸಿಗಡಿ ಕಾರ್ಖಾನೆಯಲ್ಲಿ ಶುಚಿತ್ವದ ಮೇಲ್ವಿಚಾರಕನಾಗಿದ್ದೆ. ಅಲ್ಲಿ ಸುಲಿದು ಹೆಪ್ಪುಗಟ್ಟಿಸಿದ ಸಿಗಡಿ ಜಪಾನಿಗೆ ಹೋಗುತ್ತಿತ್ತು. ಸುಲಿಯುವವರಲ್ಲಿ ಹೆಚ್ಚಿನವರು ರಾಯಚೂರು, ಗುಲ್ಬರ್ಗಾ ಕಡೆಯ ಹೆಂಗಸರು. ಕಡಲನ್ನೇ ಕಾಣದೆ ಬೆಳೆದ ಅವರು ಮುಂಬ್ರಾದಿಂದ ಕಂಪನಿಯ ಲಾರಿಯಲ್ಲಿ ಬರುತ್ತಿದ್ದರು.

ಬೆಳಗ್ಗೆ ಗೇಟಿನಲ್ಲಿ ಅವರೆಲ್ಲರೂ ಎರಡೂ ಕೈ ಚಾಚಿ ನಿಲ್ಲಬೇಕು, ನಾನು ನೋಡಬೇಕು. ದೊಡ್ಡ ಗಾಯ ಕಂಡರೆ ಮನೆಗೆ ಕಳುಹಿಸಬೇಕು. ಗಾಯದ ಕೈ ಆಹಾರವನ್ನು ಮುಟ್ಟಬಾರದೆಂಬ ನಿಯಮವನ್ನು ಇಂದಿಗೂ ಸಮರ್ಥಿಸುತ್ತೇನೆ. ತಪ್ಪು ಇದ್ದದ್ದು ಆಗ ಕೊಡುತ್ತಿದ್ದ ಅಚ್ಚಿನ ಚೀಟಿಯಲ್ಲಿ. ಅದರ ಒಕ್ಕಣೆ ನನ್ನದೇ: "ಮನೆಯಲ್ಲಿ ಆದ ಗಾಯದ ಕಾರಣ ಇಂದು ಕೆಲಸಕ್ಕೆ ಸೇರಿಸಿಕೊಂಡಿಲ್ಲ." ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸ್ವಚ್ಛತೆಯ ಪರ ವಾದಿಸಿ ಗೆದ್ದು ಬಂದವನಿಗೆ, ರೋಗವೂ ಗಾಯವೂ ಬಡವರ ಮನೆಯಿಂದಲೇ ಕಾರ್ಖಾನೆಗೆ ಬರುತ್ತವೆ ಎಂಬುದರಲ್ಲಿ ಸಂಶಯವಿರಲಿಲ್ಲ. ಒಬ್ಬರನ್ನೂ ಕೇಳದೆ ಬರೆದುಕೊಟ್ಟೆ. ಮೂರು ಚೀಟಿಯಾದವಳನ್ನು ನಿರ್ಲಕ್ಷ್ಯದ ಕಾರಣಕ್ಕೆ ತೆಗೆದುಹಾಕಬಹುದೆಂದು ಮ್ಯಾನೇಜರು ಆಮೇಲೆ ಸೇರಿಸಿದರು.

ರಾಯಚೂರಿನ ಒಬ್ಬ ಹೆಂಗಸಿಗೆ ಎರಡು ಚೀಟಿಯಾಗಿತ್ತು. ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ಬೆನ್ನು ಮುರಿದುಕೊಂಡು ಮಲಗಿದ್ದ. ಮನೆಯ ಒಲೆ ಉರಿಯುತ್ತಿದ್ದದ್ದು ಅವಳ ಕೆಲಸದಿಂದ. ಆ ಬೆಳಗ್ಗೆ ಅವಳ ಹೆಬ್ಬೆರಳು ಬಾತು ಕೀವು ಕಟ್ಟಿತ್ತು. ನಾನು ಮೂರನೆಯ ಚೀಟಿಗೆ ಕೈ ಹಾಕಿದೆ.

"ಸಾಹೇಬ್ರ, ಇದರಾಗ ಏನ್ ಬರದೈತಿ, ಒಮ್ಮಿ ಓದ್ರಿ," ಎಂದಳು.

ಓದಿದೆ.

"ಮನ್ಯಾಗ ಆಗೇತಂತ? ನಮ್ಮ ಮನ್ಯಾಗ ಬ್ಯಾಳಿ ಅದಾವ, ಜ್ವಾಳದ ಹಿಟ್ಟೈತಿ. ಬ್ಯಾಳಿಗೆ ಮುಳ್ಳಿರ್ತಾವೇನ್ರಿ?"

"ಸಾಹೇಬ್ರ ಮನಿ ಬ್ಯಾಳಿಗೆ ಇರ್ತಾವೇನೋ, ಕೇಳಬೇ," ಎಂದಿತು ಹಿಂದಿನ ಒಂದು ದನಿ. ಸಾಲಿಗೆ ಸಾಲೇ ನಕ್ಕಿತು.

ರಬ್ಬರಿನ ಕೈಗವಸು ಕೊಟ್ಟಿದ್ದೆವಲ್ಲ ಎಂದೆ.

"ಅವು ಮೊದಲನೇ ತಾಸಿಗೇ ಹರೀತಾವ್ರಿ. ಒಂದಿನ ನೀವೂ ಸುಲೀರಿ, ಆಮ್ಯಾಲೆ ಬರೀರಿ."

ಅವಳನ್ನು ಗೇಟಿನ ಬಳಿ ಕೂರಿಸಿ ಒಳಗೆ ಹೋಗಿ ಸುಲಿಯುವ ಮೇಜಿಗೆ ಕುಳಿತೆ. ಸಿಗಡಿಯ ತಲೆಯ ಮುಂದೆ ಗರಗಸದಂಥ ಒಂದು ಮುಳ್ಳಿರುತ್ತದೆ. ಮಂಜುಗಡ್ಡೆಯ ನೀರಿನಲ್ಲಿ ಬೆರಳು ಮರಗಟ್ಟಿದ್ದರಿಂದ ಅದು ಚುಚ್ಚಿದ್ದು ತಿಳಿಯಲಿಲ್ಲ. ರಕ್ತ ಕಂಡ ಮೇಲೆ ತಿಳಿಯಿತು. ಅರ್ಧ ತಾಸೂ ಆಗಿರಲಿಲ್ಲ. ಎದ್ದು ಬಂದು, ಚೀಟಿಯಲ್ಲಿ "ಮನೆಯಲ್ಲಿ" ಎಂಬುದನ್ನು ಹೊಡೆದು "ಇಲ್ಲಿ ಸಿಗಡಿ ಸುಲಿಯುವಾಗ" ಎಂದು ಬರೆದು ಸಹಿ ಹಾಕಿ ಅವಳ ಕೈಗಿತ್ತೆ.

ಚೀಟಿಗಳ ನಕಲುಗಳು ಆಫೀಸಿಗೆ ಹೋಗುತ್ತಿದ್ದವು. ರಫ್ತಿಗೆ ಮುಂಚೆ ಬರುವ ತಪಾಸಣಾಧಿಕಾರಿ ಅವನ್ನು ನೋಡುತ್ತಿದ್ದರು. ನಮ್ಮ ಉಡುಪಿ ಕಡೆಯವರೇ ಆದ ಮ್ಯಾನೇಜರು ಸಂಜೆ ಕರೆಸಿದರು.

"ಎಂತದು ಮಾರಾಯ ಇದು? ಇದನ್ನು ನೋಡಿದರೆ ಅವರು ಮಾಲು ತಡೆದು ನಿಲ್ಲಿಸ್ತಾರೆ."

"ನಿಲ್ಲಿಸಲಿ ಸರ್. ಗಾಯ ಇಲ್ಲಿಯದು."

"ಮನೆಯದ್ದು ಅಂತ ಬರೆದದ್ದು ನೀನೇ ಅಲ್ವಾ?"

"ನಾನೇ. ಸುಳ್ಳು ಬರೆದಿದ್ದೆ."

"ಇದು ನಿನ್ನ ಕಾಲೇಜಿನ ಡಿಬೇಟ್ ಅಲ್ಲ. ಬೇರೆ ಚೀಟಿ ಬರಿ."

"ಬರೆಯುವುದಿಲ್ಲ. ಗಾಯ ಒಣಗುವ ತನಕ ಅವಳನ್ನು ಪೆಟ್ಟಿಗೆ ಕಟ್ಟುವಲ್ಲಿ ಹಾಕಿ. ಅಲ್ಲಿ ಯಾರೂ ಸಿಗಡಿ ಮುಟ್ಟುವುದಿಲ್ಲ. ಅದೂ ಆಗದಿದ್ದರೆ ನಾಳೆಯಿಂದ ಕೈಗಳನ್ನು ನೀವೇ ನೋಡಿ."

ಅವರು ಹಟವಾದಿ. ಮರುದಿನ ನಿಜವಾಗಿಯೂ ಗೇಟಿಗೆ ಬಂದು ನಿಂತರು. ಸಾಲಿನ ಮೊದಲಿಗೇ ರಾಯಚೂರಿನವಳು ಕೈ ಚಾಚಿದಳು. "ಬರೀರಿ ಸಾಹೇಬ್ರ, ಎಲ್ಲಿ ಆಗೇತಂತ."

ಅವಳ ಹಿಂದಿನವರು ಸರದಿಗೆ ಕಾಯಲಿಲ್ಲ. ಎಲ್ಲ ಕೈಗಳೂ ಒಮ್ಮೆಲೇ ಮುಂದೆ ಬಂದವು. ದಿನವೂ ಕೈ ಚಾಚುವಾಗ ಸೆರಗಿನ ತುದಿಯಲ್ಲಿ ಮರೆಸಿ ನನ್ನ ಕಣ್ಣು ತಪ್ಪಿಸುತ್ತಿದ್ದ ಸೀಳು, ಬಿರುಕು, ಕಪ್ಪಾದ ಉಗುರು, ಯಾವುದನ್ನೂ ಅವರು ಅಂದು ಮುಚ್ಚಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ನಿಯಮದಂತೆ ಮನೆಗೆ ಕಳುಹಿಸಬೇಕಿತ್ತು. ಬಂದರಿನಿಂದ ಬಂದ ಸಿಗಡಿಯ ಲಾರಿ ಅಂಗಳದಲ್ಲಿ ನಿಂತಿತ್ತು. ಮಂಜುಗಡ್ಡೆಯ ನೀರು ಅದರಡಿ ಹರಿಯುತ್ತಿತ್ತು. ಮ್ಯಾನೇಜರು ಲಾರಿಯತ್ತ ನೋಡಿ, ಪೆಟ್ಟಿಗೆ ಕಟ್ಟುವ ಕೋಣೆಯತ್ತ ಅವಳಿಗೆ ಕೈ ತೋರಿಸಿದರು.

"ಇವರು?" ಎಂದು ನಾನು ಉಳಿದವರನ್ನು ತೋರಿಸಿದೆ.

"ನಿನ್ನದು ಮುಗಿಯುವುದೇ ಇಲ್ಲವಾ?" ಎಂದವರೇ ಎಲ್ಲರನ್ನೂ ಒಳಗೆ ಬಿಟ್ಟರು.

ಮುಗಿದಿರಲಿಲ್ಲ. ದಪ್ಪ ರಬ್ಬರಿನ ಕೈಗವಸು ಬರಲು ಮತ್ತೆ ಮೂರು ತಿಂಗಳ ಜಗಳ ಬೇಕಾಯಿತು. ಆ ವಾರವೇ ನನ್ನನ್ನು ಗೇಟಿನಿಂದ ಐಸು ಒಡೆಯುವ ಅಂಗಳಕ್ಕೆ ಹಾಕಿದ್ದರು. ಅದು ಶಿಕ್ಷೆಯೆಂದು ಅವರು ತಿಳಿದಿದ್ದರು. ಅಲ್ಲಿಂದ ಪೆಟ್ಟಿಗೆ ಕಟ್ಟುವ ಕೋಣೆಯ ಬಾಗಿಲು ನೇರವಾಗಿ ಕಾಣುತ್ತಿತ್ತು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವಳು ಸುತಳಿ ಬಿಗಿಯುತ್ತಿದ್ದಳು.