ಸುಗುಣವ್ವನ ಮೊಳ

ದೇವದರ್ಶನದ ಗುಡಾರದ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಸೇವಂತಿಗೆ ಮಾಲೆ ಅಳೆಯುತ್ತಿದ್ದ ಒಂದು ಮುಂಜಾನೆ. ರಾಯಾಪುರದಲ್ಲಿ ಚಿಗರಿ ಬಸ್ಸು ನಿಲ್ಲುವ ಕಡೆ ನನ್ನ ಹೂವಿನ ಬುಟ್ಟಿ. ನಮ್ಮವರು ತೀರಿದ ಮೇಲೆ ಅದೇ ನನ್ನ ಅನ್ನ. ಪಕ್ಕದ ಮನೆಯವರು ಬಡಿಗ ದೇವಮಿತ್ರಣ್ಣ ಮತ್ತು ಅವನ ಹೆಂಡತಿ ಸುಗುಣವ್ವ, ಕ್ರೈಸ್ತರು. ಚರ್ಚಿಗೆ ಹೂವು ಒಯ್ಯಲು ಅವಳು ಶನಿವಾರಕ್ಕೊಮ್ಮೆ ಬರುತ್ತಿದ್ದಳು. ಬಂದರೆ ಜಗಳ.

“ಚನ್ನಬಸವ್ವಾ, ಇದೇನ್ ಮೊಳ? ಕೂಸಿನ ಮೊಳ ಇದ್ದಂಗೈತಿ.”

“ಹಂಗಾರ ನಿನ್ನ ಕೈ ಇಡು.”

ಇಬ್ಬರೂ ಹಲಗೆಯ ಮೇಲೆ ಮೊಣಕೈ ಊರಿ ಕೈ ಚಾಚಿದೆವು. ಬೆರಳ ತುದಿಗೆ ಬೆರಳ ತುದಿ ಸರಿಯಾಗಿ ಕೂತಿತು.

“ಆತ್ ಬಿಡು, ಇಬ್ರೂ ಗಿಡ್ಡಿ!” ಎಂದು ನಕ್ಕಳು. ಆಮೇಲೆ ಹೇಳಿದಳು, “ನಮ್ಮ ಚರ್ಚಿನ ನೂರು ವರ್ಷದ ಹಬ್ಬಕ್ಕ ಬೈಬಲ್ದಾಗಿನ ಮೋಶೆ ಅಡವ್ಯಾಗ ಕಟ್ಟಿಸಿದ ಗುಡಾರ ಕಟ್ಟಬೇಕಂತ, ಖರೇ ಅಳತಿಗೆ. ಹಲಗಿ ನಮ್ಮವರದು, ಪರದೆ ನಂದು.”

“ದೇವರಿಗೆ ಗುಡಾರ ಯಾಕ? ಗುಡಿ ಇರಲಿಲ್ಲೇನು?”

“ಮಂದಿ ತಿರಗತಿದ್ರವಾ. ದೇವರೂ ಅವರ ಕೂಡ ತಿರಗಬೇಕಲ್ಲ.”

ನಾನು ಕೊರಳಿನ ಲಿಂಗವನ್ನು ಮುಟ್ಟಿಕೊಂಡೆ. ನನ್ನ ದೇವರೂ ನನ್ನ ಜೋಡಿ ತಿರುಗುವವನೇ. ಆ ಮಾತು ನನಗೆ ಥಟ್ಟನೆ ತಿಳಿಯಿತು.

ಸಂಜೆ ಅವರ ಅಂಗಳದಲ್ಲಿ ಕೂತರೆ ದೇವಮಿತ್ರಣ್ಣ ಬೈಬಲ್ ಓದಿ ಹೇಳುತ್ತಿದ್ದ. ನಿಂತ ಹಲಗೆ ಹತ್ತು ಮೊಳ ಎತ್ತರ, ಒಂದೂವರೆ ಮೊಳ ಅಗಲ. ಎರಡು ಬದಿಗೆ ಇಪ್ಪತ್ತಿಪ್ಪತ್ತು, ಹಿಂದೆ ಎಂಟು, ಮುಂದೆ ಬರೀ ಪರದೆ. ಒಳಗೆ ಅಡ್ಡ ಇನ್ನೊಂದು ಪರದೆ. ಅದರ ಈಚೆ ರೊಟ್ಟಿಯ ಮೇಜು, ಏಳು ಕವಲಿನ ದೀಪಸ್ತಂಭ, ಧೂಪವೇದಿ. ಆಚೆ ಮಂಜೂಷ ಒಂದೇ, ಎರಡೂವರೆ ಮೊಳ ಉದ್ದದ ಪೆಟ್ಟಿಗೆ, ಮುಚ್ಚಳದ ಮೇಲೆ ರೆಕ್ಕೆ ಚಾಚಿದ ಎರಡು ಕೆರೂಬಿಗಳು, ಅಂದರೆ ದೇವದೂತರು. ಪೆಟ್ಟಿಗೆ ಜಾಲಿ ಮರದ್ದು, ಮೇಲೆ ಬಂಗಾರ.

“ಜಾಲಿನಾ? ನಾವು ಒಲಿಗೆ ಇಡೂದು?” ಎಂದೆ.

“ಅದನ್ನ, ತಂಗಿ. ದೇವರಿಗೆ ಮುಳ್ಳಿನ ಗಿಡ ಸೇರತದ.”

ದೊಡ್ಡ ಹಲಗೆಗಳನ್ನು ಪ್ಲೈವುಡ್ಡಿನಲ್ಲಿ ಮಾಡಿ ಬಂಗಾರದ ಬಣ್ಣ ಹೊಡೆದ. ಸುಗುಣವ್ವ ನಾರಿನ ಬಟ್ಟೆಯ ಮೇಲೆ ನೀಲಿ, ಕೆಂಪು ದಾರದಲ್ಲಿ ರೆಕ್ಕೆಗಳನ್ನು ಬಿಡಿಸಿದಳು. ಅದರ ಮೇಲೆ ಮೇಕೆ ಕೂದಲಿನ ಹೊದಿಕೆ ಬರಬೇಕು, ಅದು ಎರಡೂ ಕಡೆ ನೆಲ ಮುಟ್ಟಬೇಕು. ಅಂಥ ಬಟ್ಟೆ ಸಿಗಲಿಲ್ಲ. ಶಿರಗುಪ್ಪಿ ಕಡೆಯಿಂದ ಕರಿ ಕಂಬಳಿ ತರಿಸಿ ಮೂವತ್ತು ಮೊಳದ ಪಟ್ಟಿಗಳನ್ನು ಹೊಲಿದಳು. ಅಳೆದದ್ದು ತನ್ನ ಕೈಯಿಂದಲೇ, ನಾನು ಹೂವು ಅಳೆಯುವ ಹಾಗೆ. ದೇವಮಿತ್ರಣ್ಣ ಟೇಪು ಹಿಡಿದು ಮೊಳಕ್ಕೆ ಒಂದೂವರೆ ಫೂಟಿನಂತೆ ಹಲಗೆ ಕೊಯ್ದಿದ್ದ. ಒಂದೇ ಅಂಗಳದಲ್ಲಿ ಕೂತು ಕೆಲಸ ಮಾಡಿದರು, ಒಬ್ಬರನ್ನೊಬ್ಬರು ಕೇಳಲಿಲ್ಲ.

ಚರ್ಚಿನ ಬಯಲಿನಲ್ಲಿ ನಿಲ್ಲಿಸಿ ನೋಡಿದ ದಿನ ಕಂಬಳಿ ನೆಲಕ್ಕೆ ಒಂದು ಮೊಳ ಮೇಲೇ ನಿಂತಿತು. ಮಂದಿ ಮುಂದೆ ಅವನು ಕೂಗಾಡಿದ.

“ಟೇಪು ಕಣ್ಣಿಗೆ ಕಾಣಲಿಲ್ಲೇನು? ವರ್ಷದ ಕೆಲಸ ಹಾಳ ಮಾಡಿದಿ!”

“ಮೋಶೆ ಕಡೆ ಟೇಪ್ ಎಲ್ಲಿತ್ತ್ರಿ? ಮೊಳ ಅಂದ್ರ ಕೈ. ನಿಮ್ಮ ಹಲಗಿ ಕೊಯ್ರಿ, ನನ್ನ ಕಂಬಳಿ ಬೆಳಿಯಂಗಿಲ್ಲ.”

“ಹಲಗಿಗೆ ನಾ ಗರಗಸ ಹಚ್ಚಂಗಿಲ್ಲ.”

ಅವಳು ಕಂಬಳಿಗಳ ಅಂಚಿಗೆ ತುಂಡು ಜೋಡಿಸುತ್ತ ಕೂತಳು. ಮೊದಲೇ ಎದೆ ನೋವಿನವಳು. ಹೊಲಿಗೆ ಅರ್ಧಕ್ಕೆ ಬಂದಿರಲಿಲ್ಲ, ಒಂದು ಮಧ್ಯಾಹ್ನ ಸೂಜಿ ಕಂಬಳಿಯಲ್ಲೇ ಉಳಿಯಿತು, ಅವಳು ಹೋದಳು. ಹಬ್ಬಕ್ಕೆ ಬಾಡಿಗೆಯ ಪೆಂಡಾಲು ಹಾಕಿದರು. ಹಲಗೆಗಳು ಅವನ ಗೋಡೆಗೆ ಆತುಕೊಂಡು ನಿಂತವು.

ಮಣ್ಣು ಮಾಡಿ ಬಂದ ಮೇಲೆ ಬಹಳ ದಿನ ಅವನು ಅವುಗಳ ಕಡೆ ನೋಡಲೇ ಇಲ್ಲ. ಆಮೇಲೆ ಒಂದು ದಿನ ಗರಗಸದ ಸಪ್ಪಳ ಕೇಳಿತು. ಹೋಗಿ ನೋಡಿದೆ. ಅವಳು ಜೋಡಿಸಿದ್ದ ತುಂಡುಗಳನ್ನು ಬಿಚ್ಚಿ, ಅವಳ ಕಂಬಳಿಯಿಂದಲೇ ಅವಳ ಮೊಳದ ಲೆಕ್ಕ ತೆಗೆದು, ಹಲಗೆಗಳ ಎತ್ತರ, ಅಗಲ ಎರಡನ್ನೂ ಕೊಯ್ಯುತ್ತಿದ್ದ. ಮೈತುಂಬ ಮರದ ಹುಡಿ.

“ಆಕಿ ಮಾತಿಗೆ ಅವತ್ತ ಹೂಂ ಅಂದಿದ್ರ ಎಂಟು ದಿನದ ಕೆಲಸಿತ್ತು, ಚನ್ನಬಸವ್ವ,” ಎಂದ. “ಗುಡಾರ ನಿಂತದ್ದು ಆಕೀನೂ ನೋಡತಿದ್ಲು.”

ನಾನು ನೀರು ತಂದು ಕೊಟ್ಟೆ.

ಆಮೇಲೆ ಆ ಗುಡಾರ ಒಮ್ಮೆ ಮಾತ್ರ ನಿಂತಿತು, ದೇವಮಿತ್ರಣ್ಣ ತೀರಿಕೊಂಡ ದಿನ. ಚರ್ಚಿನವರು ಅವನ ಶವಪೆಟ್ಟಿಗೆಯನ್ನು ಅದರ ಮುಂದೆ ಇಳಿಸಿದರು. ಕಂಬಳಿ ಎರಡೂ ಕಡೆ ನೆಲ ಮುಟ್ಟಿತ್ತು. ಒಳಪರದೆಯ ಆಚೆ ಹೋಗಿ ನೋಡಿದೆ. ಬರಿದಾಗಿತ್ತು. ಮಂಜೂಷ ಅವನ ಕೈಯಿಂದ ಮುಗಿದಿರಲಿಲ್ಲ.

ಅದರ ಹಲಗೆಯನ್ನು ಅವನು ನನ್ನ ಹತ್ತಿರ ತಂದದ್ದು ಹಾಸಿಗೆ ಹಿಡಿಯುವ ಮುಂಚಿನ ದಿನ. ಹೂವಿನ ಬುಟ್ಟಿ ಸರಿಸಿ, ಜಾಲಿಯ ಹಲಗೆಯನ್ನು ನನ್ನ ಮುಂದಿಟ್ಟು, ಸೀಸದ ಕಡ್ಡಿಯನ್ನು ಕೈಗೆ ಕೊಟ್ಟ.

“ಕಂಬಳಿ ಲೆಕ್ಕದಾಗ ಇದನ್ನೂ ತಗೀಬಹುದಿತ್ತು,” ಎಂದ. “ಆದ್ರ ಇದು ಪರದೆ ಒಳಗಿಂದು, ಇದಕ್ಕ ಖರೇ ಕೈನ ಬೇಕು. ನಿನ್ನ ಕೈ, ತನ್ನ ಕೈ ಒಂದ ಅಳತಿ ಅಂತಿದ್ಲು ಆಕಿ. ಎರಡೂವರಿ ಮೊಳ ಬೇಕು, ತಂಗಿ. ನೀನ ಕೈ ಇಟ್ಟು ಗುರುತು ಹಾಕು.”