ಹೊಳೆಯಲ್ಲಿ ನಿಂತು ಕೇಳಿದ ಪುಟ

“ದೊಡ್ಡಪ್ಪ, ಬಿಡಬೇಡಿ!” ಎಂದು ನಾನು ಕೂಗುವಷ್ಟರಲ್ಲಿ ಅವರು ಅಕ್ಕಿಹೆಬ್ಬಾಳಿನ ಹೊಳೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದಾಗಿತ್ತು. ಕೈಯಲ್ಲಿ, ತೀರಿಕೊಂಡ ನನ್ನ ತಾತನ ಹಳೆಯ ಪುಸ್ತಕಗಳ ಗಂಟು. ಹಾಳಾದ ಪುಸ್ತಕಗಳನ್ನು ಒಲೆಗೆ ಹಾಕಬಾರದು, ಹರಿಯುವ ನೀರಿಗೆ ಬಿಡಬೇಕು ಎಂಬುದು ನಮ್ಮ ಮನೆಯ ರೂಢಿ.

“ಟಿ.ವಿ. ಬಂದ್ಮೇಲೆ ಇವ್ನೆಲ್ಲ ಯಾರವ್ವ ಓದ್ತಾರೆ? ಗೆದ್ದಲು ಮನೆಗೆಲ್ಲ ಅತ್ಕತದೆ.”

“ನಾನು ಓದ್ತೀನಿ.”

“ಅಂಗಾರೆ ಇಲ್ಲೇ ಓದು, ನೋಡಾನ” ಎಂದು ಅವರು ಮೇಲಿದ್ದ ಪುಸ್ತಕವನ್ನು ದಡದಲ್ಲಿದ್ದ ನನ್ನತ್ತ ಚಾಚಿದರು.

ಪಕ್ಕದಲ್ಲೇ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನಾಲ್ಕು ಜನರ ಎದುರು ಬಾಯಿ ತೆರೆಯದ ನಾನು ಗಟ್ಟಿಯಾಗಿ ಓದತೊಡಗಿದೆ. ಅದು ರಟ್ಟು ಕಿತ್ತುಹೋದ ಆತ್ಮಕಥೆ. ತೆರೆದ ಪುಟದಲ್ಲಿ, ಬರೆದವರು ಚಿಕ್ಕಂದಿನಲ್ಲಿ ಜ್ವರ ಬಂದ ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ತುಂಬಿದ ಹಳ್ಳ ದಾಟುತ್ತಿದ್ದರು. ಬಟ್ಟೆ ಒಗೆಯುವ ಸದ್ದು ನಿಂತಿತು. ಪುಟ ಮುಗಿಸಿ ತಲೆಯೆತ್ತಿದೆ. ಗಂಟಿನ ತುದಿ ನೀರಿಗೆ ತಾಗುತ್ತಿತ್ತು.

“ಆಮ್ಯಾಕೆ? ಆ ಕೂಸು ಉಳ್ಕಂತಾ?” ದೊಡ್ಡಪ್ಪ ಕೇಳಿದರು.

“ಗಂಟು ಮೇಲಕ್ಕೆ ತನ್ನಿ, ಹೇಳ್ತೀನಿ.”

“ಬಲೇ ಕಿಲಾಡಿ ಕಣವ್ವ ನೀನು!” ಎನ್ನುತ್ತಾ ಅವರು ದಡ ಹತ್ತಿದರು.

ತಾತನ ನೆನಪುಗಳನ್ನು ಬರೆಯಲು ನಾನು ತಿಂಗಳುಗಳಿಂದ ಹೆಣಗುತ್ತಿದ್ದೆ. ಪ್ರತಿ ಸಲವೂ ವಂಶಾವಳಿಯಿಂದ ಶುರುಮಾಡಿ, ಬೇಸತ್ತು ಹಾಳೆ ಹರಿದುಹಾಕುತ್ತಿದ್ದೆ. ಆ ಸಂಜೆ ವಂಶಾವಳಿಯನ್ನು ಬದಿಗಿಟ್ಟು, ನೀರಿನಲ್ಲಿ ನಿಂತು ‘ಆಮ್ಯಾಕೆ?’ ಎನ್ನುವವರೊಬ್ಬರಿಗೆ ಹೇಳುವಂತೆ ಮೊದಲ ಸಾಲನ್ನು ಬರೆದೆ.